ಒಳಗಡೆಯ ಚಿಲಕ

ಆ ಕೋಣೆಗೆ ಏನೇನು ಬೇಕು ಎಂದು ಕೇಳಿದಾಗ ನನ್ನ ಹೆಂಡತಿ ಪುಷ್ಪಾವತಿ ಮೊದಲು ಹೇಳಿದ್ದು ಒಂದು ಚಿಲಕ. ಬಾಗಿಲಿನ ಒಳಗಡೆಗೆ. ನಾನು ತಂದಿದ್ದು ಒಂದು ಲಗೇಜ್ ಆಟೋ ತುಂಬ ಸಾಮಾನು. ಅದರಲ್ಲಿ ಚಿಲಕ ಮಾತ್ರ ಇರಲಿಲ್ಲ. ನಮ್ಮ ಮನೆಯ ರಾಮಾಯಣ ಶುರುವಾಗಿದ್ದೇ ಅಲ್ಲಿಂದ.

ನಮ್ಮದು ಮಧುಗಿರಿಯಲ್ಲಿ ಪಾತ್ರೆ ಅಂಗಡಿ. ಅಪ್ಪ ಇಟ್ಟದ್ದು. ಈಗ ನಾನೂ ನನ್ನ ತಮ್ಮ ಬಸವೇಶನೂ ನೋಡಿಕೊಳ್ಳುತ್ತೇವೆ. ಅಂಗಡಿ ಒಂದು, ಮನೆ ಒಂದು, ಒಲೆ ಒಂದು. ಮನೆಯಲ್ಲಿ ನಮ್ಮಮ್ಮ ಇಂದ್ರಮ್ಮ, ಪುಷ್ಪಾವತಿ, ಬಿ.ಎಡ್. ಓದುತ್ತಿರುವ ನಮ್ಮ ಮಗಳು ಯಶಸ್ವಿನಿ, ಬಸವೇಶನ ಹೆಂಡತಿ ಶಶಿಕಲಾ. ಪುಷ್ಪಾವತಿ ಬಹಳ ವರ್ಷ ಅತಿಥಿ ಶಿಕ್ಷಕಿಯಾಗಿದ್ದಳು. ಈ ಸಲ ಜೂನ್‌ನಲ್ಲಿ ಶಾಲೆಯವರು ಅವಳನ್ನು ಕರೆಯಲಿಲ್ಲ. ಎರಡು ತಿಂಗಳು ಅವಳು ಮನೆಯಲ್ಲಿ ಉರಿಮುಖ ಹಾಕಿಕೊಂಡು ಓಡಾಡಿದಳು. ಆಮೇಲೆ ಗೆಳತಿಯೊಬ್ಬಳ ಮೂಲಕ ಹೊಸ ಕೆಲಸ ಸಿಕ್ಕಿತು. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕ ಓದಿ, ಮೈಕಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಿಂದ ಬೆಂಗಳೂರಿನ ಒಂದು ಸಂಸ್ಥೆಗೆ ಕಳಿಸುವುದು. ಅವಳ ದನಿ ಚೆನ್ನಾಗಿದೆ ಅಂತ ನನಗೆ ಗೊತ್ತಿತ್ತು. ಅದಕ್ಕೆ ಸಂಬಳ ಕೊಡುವವರೂ ಇದ್ದಾರೆ ಅಂತ ಗೊತ್ತಿರಲಿಲ್ಲ.

ಮೊದಲ ಪಾಠವೇ ವಾಪಸ್ ಬಂತು. ಸಂಸ್ಥೆಯವರು ಬರೆದದ್ದನ್ನು ಯಶಸ್ವಿನಿ ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳಿಸುವಂತೆ ಓದಿದಳು: “ನದಿಗಳ ಉಗಮ ಹೇಳುವ ಜಾಗದಲ್ಲಿ ಯಾರೋ ಹಿರಿಯರು ಉಪ್ಪಿನಕಾಯಿ ಜಾಡಿ ಎಲ್ಲಿ ಎಂದು ಕೇಳುತ್ತಿದ್ದಾರೆ. ದಯವಿಟ್ಟು ಮತ್ತೊಮ್ಮೆ ಓದಿ ಕಳಿಸಿ.”

ಎಲ್ಲರೂ ನಕ್ಕರು, ಪುಷ್ಪಾವತಿಯನ್ನು ಬಿಟ್ಟು.

“ನಾನೇನು ಮಾಡ್ಲಿ ಕಣಮ್ಮ, ಜಾಡಿ ಸಿಗ್ಲಿಲ್ಲ, ಕೇಳ್ದೆ,” ಅಂದರು ಅಮ್ಮ. “ನಮ್ಮನೇಲಿ ನಾವು ಮಾತಾಡಂಗಿಲ್ವಾ?”

“ಮಾತಾಡಿ ಅತ್ತೆ, ನಾನು ಬೇಡ ಅಂದ್ನಾ? ನನಗೆ ಬಾಗ್ಲಿರೋ ಒಂದು ಜಾಗ ಕೊಟ್ಬುಡಿ, ಅಷ್ಟೇ.”

ಬಾಗಿಲಿದ್ದೂ ಯಾರೂ ಮಲಗದ ಕೋಣೆ ನಮ್ಮ ಮನೆಯಲ್ಲಿ ಒಂದೇ: ಉಗ್ರಾಣ. ರಾಗಿ, ಹುಣಸೆಹಣ್ಣು, ಕಡ್ಲೆಕಾಯಿ ಮೂಟೆಗಳನ್ನು ಮೆಟ್ಟಿಲ ಕೆಳಗೆ ಸಾಗಿಸಿದೆವು. ಗೋಡೆಗೆ ಸುಣ್ಣ ಹೊಡೆಸಿದೆ. ಕಿಟಕಿ ತೆಗೆದರೆ ಬೆಟ್ಟ ಕಾಣುತ್ತದೆ. ಇಷ್ಟು ವರ್ಷ ಮೂಟೆ ಅಡ್ಡ ಇದ್ದದ್ದರಿಂದ ಅಲ್ಲಿ ಕಿಟಕಿ ಇದೆಯೆಂಬುದೇ ನಮಗೆ ಮರೆತುಹೋಗಿತ್ತು. ಆದರೆ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ರಾಗಿ ಮೂಟೆ ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ.

ಸಾಮಾನು ತರುವುದರಲ್ಲಿ ನಾನು ಜಿಪುಣತನ ಮಾಡಲಿಲ್ಲ. ಸಿರಾದಲ್ಲಿ ಒಂದು ಒರಗುವ ಕುರ್ಚಿ ನೋಡಿದೆ. ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ ಹೋಗಿ ಕಾಲು ಮೇಲಕ್ಕೆ ಬರುತ್ತದೆ. ಅವಳಿಗೆ ಕುತ್ತಿಗೆ ನೋವು, ಓದಿ ಸುಸ್ತಾದಾಗ ಹಾಯಾಗಿ ಒರಗಲಿ ಅಂತ ತಂದೆ. ಮೇಜು, ಮೇಜಿನ ದೀಪ, ನೆಲಕ್ಕೆ ಜಮಖಾನ, ಎರಡು ದಿಂಬು, ಕಿಟಕಿಗೆ ಪರದೆ. ಗೋಡೆಗೆ ಕಂಬಳಿ ಕಟ್ಟಿದರೆ ದನಿ ಗುಂಯ್‌ಗುಡುವುದಿಲ್ಲ ಅಂತ ಯಶಸ್ವಿನಿ ಹೇಳಿದ್ದಕ್ಕೆ ಕರಿ ಕುರಿ ಕಂಬಳಿಗಳನ್ನೂ ತಂದು ನಾಲ್ಕೂ ಗೋಡೆಗೆ ಇಳಿಬಿಟ್ಟೆವು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

“ಏನ್ಲಾ ಪ್ರಸನ್ನ ಇದು? ಆಫೀಸು ಅಂದೆ. ಆಫೀಸಲ್ಲಿ ಯಾರ್ಲಾ ಮಲಿಕ್ಕಂತಾರೆ?”

“ಮಲಗೋಕಲ್ಲಮ್ಮ, ಒರಗಿಕೊಳ್ಳೋಕೆ. ಕೆಲಸದ ಮಧ್ಯೆ ಸುಧಾರಿಸ್ಕೊಳ್ಳೋಕೆ.”

“ಸುಧಾರಿಸ್ಕಳಾಕೆ ಪಡಸಾಲೆ ಐತಲ್ಲ. ನಾವೆಲ್ಲ ಅಲ್ಲೇ ತಾನೆ ಸುಧಾರಿಸ್ಕಂಡಿದ್ದು? ಅಂಗಾರೆ ಇದು ಆಫೀಸೋ, ಆಸ್ಪತ್ರೆಯೋ?”

ಪಕ್ಕದ ಮನೆಯ ನರಸಮ್ಮ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಇಣುಕಿದಳು. “ಅಯ್ಯೋ ಶಿವನೇ, ಕರೀ ಕಂಬ್ಳಿ ಕಟ್ಟವ್ರೆ! ಪುಷ್ಪಮ್ಮ ಏನಾರ ವ್ರತ ಹಿಡಿದವ್ರಾ?”

ನಿಜ ಹೇಳುತ್ತೇನೆ, ನನಗೂ ಸರಿಯಾಗಿ ಅರ್ಥವಾಗಿರಲಿಲ್ಲ. ಕೆಲಸ ಅಂದರೆ ಅಂಗಡಿ, ನಿದ್ದೆ ಅಂದರೆ ಮನೆ. ಎರಡೂ ಒಂದೇ ಕೋಣೆಯಲ್ಲಿ, ಅದೂ ಒಬ್ಬಳಿಗೇ ಅಂದರೆ ಏನು ಲೆಕ್ಕ? ಆದರೂ ಅವಳ ಮುಖ ಅರಳಿದ್ದು ನೋಡಿ ಸಂತೋಷವಾಯಿತು. ಕುರ್ಚಿಯಲ್ಲಿ ಕೂತಳು, ಒರಗಿದಳು, ಎದ್ದಳು, ಬೆಟ್ಟ ನೋಡಿದಳು.

“ಎಲ್ಲಾ ಚೆನ್ನಾಗಿದೆ ರೀ. ಚಿಲಕ?”

“ನಾಳೆ ಹಾಕಿಸ್ತೀನಿ.”

ಆ ನಾಳೆ ಬರಲೇ ಇಲ್ಲ. ಮದುವೆ ಸೀಸನ್ನು, ಅಂಗಡಿಯಲ್ಲಿ ಜನ. ಬಡಗಿಗೆ ಒಂದು ಸಲ ಫೋನ್ ಮಾಡಿದೆ, ಅವನು ಎತ್ತಲಿಲ್ಲ, ನಾನು ಮರೆತೆ. ಮನೆಯಲ್ಲಿರುವವರೆಲ್ಲ ನಮ್ಮವರೇ ಆಗಿರುವಾಗ ಯಾರಿಗೆ ಹೆದರಿ ಚಿಲಕ ಹಾಕಿಕೊಳ್ಳಬೇಕು?

ಕೋಣೆ ಅಷ್ಟು ಹಾಯಾಗಿದ್ದದ್ದೇ ತಪ್ಪಾಯಿತು. ವಾರ ಕಳೆಯುವುದರೊಳಗೆ ಅದು ಮನೆಯ ಎಲ್ಲರ ಕೋಣೆಯಾಯಿತು. ಯಶಸ್ವಿನಿ ಗೆಳತಿಯರ ಜೊತೆ ಫೋನಿನಲ್ಲಿ ಮಾತಾಡಲು ಅಲ್ಲಿಗೇ ಹೋದಳು. ಕಂಬಳಿ ಇದ್ದದ್ದರಿಂದ ಬೆಚ್ಚಗಿದೆ ಅಂತ ಶಶಿಕಲಾ ಮೊಸರಿಗೆ ಹೆಪ್ಪು ಹಾಕಿ ಮೇಜಿನ ಕೆಳಗಿಟ್ಟಳು. ಅಮ್ಮ ಸೊಪ್ಪು ಬಿಡಿಸಲು ಜಮಖಾನದ ಮೇಲೆ ಕೂತರು. ಬಸವೇಶ ಮಧ್ಯಾಹ್ನ ಮುದ್ದೆ ಉಂಡವನೇ ನೇರವಾಗಿ ಒರಗುವ ಕುರ್ಚಿಗೆ.

“ನಾನೇನು ಸದ್ದು ಮಾಡಲ್ಲ ಅತ್ತಿಗೆ, ನೀವು ಓದ್ಕೊಳ್ಳಿ,” ಅನ್ನುತ್ತಿದ್ದ.

ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಓದುತ್ತಿದ್ದಳು. ಅವನು ಸದ್ದು ಮಾಡದೆ ನಿದ್ದೆ ಹೋದ. ಎರಡನೇ ಸಲವೂ ಪಾಠ ವಾಪಸ್ ಬಂತು. ಹಿನ್ನೆಲೆಯಲ್ಲಿ ಗೊರಕೆ ಕೇಳುತ್ತಿದೆ, ಇನ್ನೊಂದೇ ಅವಕಾಶ, ಅದೂ ಸರಿಬರದಿದ್ದರೆ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಅಂತ ಬರೆದಿದ್ದರು.

ಈ ಸಲ ಯಶಸ್ವಿನಿ ಜೋರಾಗಿ ಓದಲಿಲ್ಲ. ಪುಷ್ಪಾವತಿಯೇ ಹೇಳಿದಳು, ಅವರೆಕಾಳಿನ ಸಾರು ಬಡಿಸುತ್ತಾ.

“ಬಸವೇಶ, ನೀನು ಗೊರಕೆ ಹೊಡೆದಿದ್ದಕ್ಕೆ ನನ್ನ ಕೆಲಸ ಹೋಗ್ತಾ ಇದೆ ಕಣಪ್ಪ.”

“ನಾನು ಗೊರಕೇನೇ ಹೊಡಿಯಲ್ಲ ಅತ್ತಿಗೆ.”

“ಹೊಡೀತೀರಾ,” ಅಂದಳು ಶಶಿಕಲಾ.

“ಅಲ್ಲಾ, ಅಂಗೆ ಹೇಳ್ದೆ ಇದ್ರೆ ಹೆಂಗೆ ಗೊತ್ತಾಗಬೇಕು? ಬರಬೇಡ ಅಂದಿದ್ರೆ ಬರ್ತಾನೇ ಇರ್ಲಿಲ್ಲ. ಮನೇಲಿ ಕುರ್ಚಿ ಇದೆ, ಕೂತೆ.” ಬಸವೇಶ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

“ಉಣ್ಣೋ ಹೊತ್ನಲ್ಲಿ ಹೊಟ್ಟೆ ಉರ್ಸ್‌ಬ್ಯಾಡ ಕಣಮ್ಮ ಪುಷ್ಪಾ,” ಅಂದರು ಅಮ್ಮ.

ಅವಳು ಸೌಟು ಕೆಳಗಿಟ್ಟು ನನ್ನ ಕಡೆ ನೋಡಿದಳು. ನಾನೇ ಸಾರು ಹಾಕಿಕೊಂಡೆ.

ಅವಳನ್ನು ಸಮಾಧಾನ ಮಾಡಬೇಕಲ್ಲ? ಸರಕು ತರಲು ತುಮಕೂರಿಗೆ ಹೋದವನು ಒಂದು ಕರೆಂಟಿನ ಕೆಟಲ್ ತಂದೆ. ಟೀ ಬೇಕು ಅಂತ ಅವಳು ಅಡುಗೆಮನೆಗೆ ಕಾಲಿಟ್ಟರೆ ಒಗ್ಗರಣೆ ಹಾಕು, ಕಾಯಿ ತುರಿ, ಹಾಲಿನವನು ಬಂದ, ಅಂತ ಯಾರಾದರೂ ಒಂದು ಕೆಲಸ ಅಂಟಿಸುತ್ತಿದ್ದರು. ಕೋಣೆಯಲ್ಲೇ ಟೀ ಆದರೆ ಆ ತಾಪತ್ರಯವೇ ಇಲ್ಲ ಅಂತ ನನ್ನ ಲೆಕ್ಕ. ಅವಳು ಕೆಟಲ್ ತಿರುಗಿಸಿ ತಿರುಗಿಸಿ ನೋಡಿ, “ಚಿಲಕ ಅಂದ್ರೆ ಕೆಟಲ್ ತಂದ್ರಾ?” ಅಂದಳು. ನಕ್ಕಳೋ ಬೈದಳೋ ಗೊತ್ತಾಗಲಿಲ್ಲ.

ಮಾರನೇ ದಿನ ಸೋಮವಾರ. ನಾನು ಅಂಗಡಿಗೆ ಹೊರಡುವುದರಲ್ಲಿದ್ದೆ. ಅವಳು ಕೆಟಲ್‌ನಲ್ಲಿ ನೀರಿನ ಬದಲು ಹಾಲು ಸುರಿದು, ಸ್ವಿಚ್ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಓದಲು ಕೂತಿದ್ದಳು. ಹಾಲು ಉಕ್ಕಿತು. ಮೇಜಿನ ಮೇಲಿಂದ ಹರಿದು ಜಮಖಾನದವರೆಗೂ ಇಳಿಯಿತು. ಅದೇ ಹೊತ್ತಿಗೆ ಅಮ್ಮ ಶಿವಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲು ತಳ್ಳಿದರು.

ಅಮ್ಮನ ಕಣ್ಣಿಗೆ ಬಿದ್ದದ್ದು ಏನು? ಸುಣ್ಣ ಹೊಡೆಸಿದ ಹೊಸ ಕೋಣೆ, ಉರಿಯುತ್ತಿರುವ ಹೊಸ ದೀಪ, ಸೋಮವಾರದ ಬೆಳಿಗ್ಗೆ, ಉಕ್ಕಿ ಹರಿದ ಹಾಲು. ಅವರು ಬಾಗಿಲಿಂದಲೇ ಹಿಂತಿರುಗಿದರು. ಸೊಪ್ಪಿನ ಬುಟ್ಟಿ ಪಡಸಾಲೆಯಲ್ಲಿ ಇಟ್ಟು, ಫೋನ್ ತೆಗೆದುಕೊಂಡು, ಸಿರಾದಲ್ಲಿರುವ ನಮ್ಮ ಅಕ್ಕ ದಾಕ್ಷಾಯಣಮ್ಮನಿಗೆ ಹಚ್ಚಿದರು. “ನಿನ್ ತಮ್ಮ ಒಲೆ ಬ್ಯಾರೆ ಹೂಡ್ದ ಕಣಮ್ಮ,” ಅಂದದ್ದು ನನಗೆ ಚಪ್ಪಲಿ ಮೆಟ್ಟುವಾಗ ಕೇಳಿಸಿತು.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವುದು ಪಾಲುಪತ್ರ ಬರೆದಾಗ ಅಲ್ಲ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಒಳ್ಳೆಯ ದಿನ ನೋಡಿ ಒಲೆ ಹೂಡಿ ಹಾಲುಕ್ಕಿಸುತ್ತಾರೆ. ಅಲ್ಲಿಗೆ ಮನೆ ಎರಡಾಯಿತು. ಪತ್ರ ಎಷ್ಟೋ ವರ್ಷ ಆಮೇಲೆ.

“ಅಮ್ಮ, ಅದು ಒಲೆ ಅಲ್ಲಮ್ಮ, ಕೆಟಲ್ಲು. ಟೀ ಕಾಯ್ಸೋದು.”

“ಬಿಸಿ ಆಗುತ್ತೋ ಇಲ್ವೋ?”

“ಆಗುತ್ತೆ.”

“ಅದ್ರಲ್ಲಿ ಅನ್ನ ಆಗುತ್ತೋ ಇಲ್ವೋ?”

“ಮನಸ್ಸು ಮಾಡಿದ್ರೆ ಆಗಬೋದು. ಆದ್ರೆ...”

“ಮತ್ತಿನ್ನೇನ್ಲಾ? ಸೋಮ್ವಾರನೇ ನೋಡ್ಕಂಡು ಮಾಡವ್ಳೆ.”

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಪುಷ್ಪಾವತಿಗೆ, “ನಿಂಗೆ ಇಲ್ಲೇ ಇಕ್ಕದಾ, ಇಲ್ಲಾ ನಿನ್ನ ಒಲೇಲಿ ಮಾಡ್ಕಂತೀಯಾ?” ಅಂತ ಕೇಳಿದರು. ಅವಳಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕಳು. ಯಾರೂ ಜೊತೆಗೆ ನಗದಿದ್ದಾಗ ಅವಳ ನಗು ನಿಂತಿತು. “ಅತ್ತೆ, ಹಾಲು ಇಟ್ಟಿದ್ದು ಮರೆತೆ, ಉಕ್ಕಿತು. ಅದಕ್ಕೆ ಇಷ್ಟೆಲ್ಲಾನಾ?” ಅಂದಳು. ಬಸವೇಶ ತಲೆ ಎತ್ತಲಿಲ್ಲ. ಶಶಿಕಲಾ ಉಪ್ಪು ಕೇಳಿದವಳು ಹಾಕಿಕೊಳ್ಳಲೂ ಇಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಕೋಣೆಗೆ ಬರುವವರೂ ನಿಂತರು ಅಂದುಕೊಂಡೆ, ಇಲ್ಲ, ಹೆಚ್ಚಾದರು. ಕದ ತಳ್ಳಿ ಒಲೆ ಎಷ್ಟು ದೊಡ್ಡದಾಗಿದೆ ಅಂತ ನೋಡಿಹೋಗುವವರು. ನರಸಮ್ಮ ದಿನಕ್ಕೊಂದು ನೆಪ ಹಿಡಿದು ಬಂದಳು. ಪುಷ್ಪಾವತಿ ಪಾಠ ಶುರುಮಾಡುವಳು, ಬಾಗಿಲು ಕಿರ್ರ್ ಅನ್ನುವುದು, ನಿಲ್ಲಿಸುವಳು. ಕಳಿಸಬೇಕಾದ ಗಡುವು ಹತ್ತಿರ ಬರುತ್ತಿತ್ತು. ಒಂದು ದಿನ ಅವಳು ಬಾಗಿಲಿಗೆ ಮೇಜು ಅಡ್ಡ ಇಟ್ಟಳು. ಅಮ್ಮ ತಳ್ಳಿದರು, ಮೇಜು ಸರಿದು ಮೈಕು ಬಿತ್ತು.

ಇತ್ತ ಅಂಗಡಿಯಲ್ಲಿ ಒಂದು ದಿನ ನೋಡುತ್ತೇನೆ, ಶೆಲ್ಫಿನಲ್ಲಿದ್ದ ಸಣ್ಣ ಕುಕ್ಕರ್ ಇಲ್ಲ. ಅದರ ಪಕ್ಕದ ಡಬರಿ, ತವಾ, ಒಗ್ಗರಣೆ ಸೌಟೂ ಇಲ್ಲ.

“ಬಸವೇಶ, ಇಲ್ಲಿದ್ದ ಕುಕ್ಕರ್ ಯಾರಿಗೆ ಕೊಟ್ಟೆ?”

“ಮನೆಗೆ ತಗೊಂಡೋದೆ.”

“ಮನೇಲಿ ದೊಡ್ಡದಿದೆಯಲ್ಲಪ್ಪ.”

“ಚಿಕ್ಕದೂ ಬೇಕಾಗಬೋದು ಅಂತ ಶಶಿ ಅಂದ್ಳು.” ಅವನು ತಕ್ಕಡಿ ಒರೆಸುತ್ತಾ ಇದ್ದ. “ನೀನು ಮೊದ್ಲೇ ಹೇಳಿದ್ರೆ ಚೆನ್ನಾಗಿರೋದು ಅಣ್ಣ. ಅತ್ತಿಗೆ ಹಾಲುಕ್ಕಿಸಿದ ಮೇಲೆ ನಾನು ಅಮ್ಮನ ಬಾಯಲ್ಲಿ ಕೇಳ್ಬೇಕಾಯ್ತು. ನಾನೇನು ಪರಕೀಯನಾ?”

“ಲೇ, ಅದು ಕೆಟಲ್ಲು ಕಣೋ!”

“ಆಯ್ತು ಬುಡು.”

ಪಾತ್ರೆ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಬಡವನಹಳ್ಳಿಯಿಂದಾಗಲಿ ಪಾವಗಡದಿಂದಾಗಲಿ, ತುಂಬಿದ ಮನೆಯ ಸೊಸೆ ಬಂದು ಸಣ್ಣ ಕುಕ್ಕರ್, ಸಣ್ಣ ಡಬರಿ, ಒಂದು ತವಾ ಕೇಳಿದರೆ ನಾವು ಏನೂ ಕೇಳದೆ ಕಟ್ಟಿಕೊಡುತ್ತೇವೆ. ಆ ಮನೆ ಒಡೆದಿದೆ ಅಂತ ಅರ್ಥ. ಎಷ್ಟು ಮನೆಗೆ ಹಾಗೆ ಕಟ್ಟಿಕೊಟ್ಟಿಲ್ಲ ನಾನು? ಈಗ ನನ್ನ ಅಂಗಡಿಯಿಂದಲೇ ನನ್ನ ಮನೆಗೆ ಹೋಗಿತ್ತು. ಇಲ್ಲದ ಒಲೆಯ ಹೆಸರಿನಲ್ಲಿ ಇರುವ ಒಲೆ ಒಡೆಯುತ್ತಿದೆ, ತಪ್ಪು ಯಾರದ್ದು ಅಂತ ಹುಡುಕಿದರೆ ಯಾರದ್ದೂ ಅಲ್ಲ.

ಭಾನುವಾರ ಅಕ್ಕ ದಾಕ್ಷಾಯಣಮ್ಮ ಸಿರಾ ಬಸ್ಸಿಳಿದು ಬಂದಳು. ಕೈಕಾಲು ತೊಳೆದು, ತಟ್ಟೆಯಲ್ಲಿ ಕೊಟ್ಟ ಕಡ್ಲೆಕಾಯಿ ಮುಟ್ಟದೆ, ಪಡಸಾಲೆಯ ನಡುವೆ ಕೂತಳು.

“ಬ್ಯಾರೆ ಆಗೋದಾದ್ರೆ ನಂಗೂ ಒಂದು ಮಾತು ಹೇಳ್ಬೇಕಾಗಿತ್ತು ಕಣೋ ಪ್ರಸನ್ನ. ಅಪ್ಪನ ಆಸ್ತೀಲಿ ನಂಗೂ ಪಾಲೈತೆ. ನಾನು ಕೇಳ್ದೆ ಇದ್ದೋಳು, ನೀವೇ ಕೇಳೋ ಹಂಗೆ ಮಾಡುದ್ರಿ.”

“ಅಕ್ಕ, ಯಾರೂ ಬೇರೆ ಆಗ್ತಿಲ್ಲ!”

“ಅಂಗಾರೆ ಬಸವೇಶ ಕುಕ್ಕರ್ ಯಾಕೆ ತಂದ?”

“ಬಾವ ಅವರು ಒಲೆ ಹೂಡಿದ್ದಕ್ಕೆ,” ಅಂದಳು ಶಶಿಕಲಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ನಾವು ಕೇಳಿದ್ವಾ? ನಮ್ಮನ್ನ ಹೊರಗೆ ಹಾಕೋಕೆ ಮೊದ್ಲು ನಾವೇ ಒಂದು ಕುಕ್ಕರ್ ಇಟ್ಕೊಂಡ್ವಿ.”

“ನಿಮ್ಮನ್ನ ಯಾರು ಹೊರಗೆ ಹಾಕಿದ್ರು ಚಿಕ್ಕಮ್ಮ?” ಅಂತ ಯಶಸ್ವಿನಿ.

“ನೀನು ಸುಮ್ಕಿರು,” ಅಂದರು ಅಮ್ಮ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಂಗಡಿ ಯಾರಿಗೆ, ಮಹಡಿ ಯಾರಿಗೆ, ತೋವಿನಕೆರೆಯ ಹೊಲ ಯಾರಿಗೆ. ಒಂದು ಲೋಟ ಹಾಲಿನಿಂದ ಹೊಲದವರೆಗೆ ಹೇಗೆ ಬಂದೆವು ಅಂತ ನನಗೆ ತಲೆ ಕೆಟ್ಟುಹೋಯಿತು. ಆಗ ಪುಷ್ಪಾವತಿ ಎದ್ದು ಹೋದಳು. ಕೆಟಲ್ ತಂದು, ಅದರ ತಂತಿ ಸಮೇತ, ಅಕ್ಕನ ಮುಂದೆ ಕುಕ್ಕಿದಳು.

“ಇದೇ ನನ್ನ ಒಲೆ. ನೋಡಿ. ತಗೊಂಡು ಹೋಗಿ ಅತ್ತಿಗೆ, ಸಿರಾಗೇ ತಗೊಂಡು ಹೋಗಿ. ಕುರ್ಚಿ ಬಸವೇಶನಿಗೆ. ದೀಪ, ದಿಂಬು, ಕಂಬಳಿ ಯಾರಿಗೆ ಬೇಕೋ ಹಂಚ್ಕೊಳ್ಳಿ. ನಾನು ಕೇಳಿದ್ದು ಇದ್ಯಾವುದೂ ಅಲ್ಲ. ಒಂದು ಚಿಲಕ ಕೇಳ್ದೆ. ಒಂದೇ ಒಂದು.” ಅವಳು ಜೋತುಬಿದ್ದ ತಂತಿಯನ್ನು ಕೆಟಲ್‌ಗೆ ಸುತ್ತಿದಳು. “ನಾಡಿದ್ದು ಪಾಠ ಕಳಿಸ್ಬೇಕು. ಇಲ್ದಿದ್ರೆ ಈ ಕೆಲಸಾನೂ ಹೋಗುತ್ತೆ. ಶಾಲೆ ಹೋದಾಗಲೂ ಯಾರೂ ನನ್ನ ಏನೂ ಕೇಳ್ಲಿಲ್ಲ.”

ಅಕ್ಕ ಸ್ವಲ್ಪ ತಣ್ಣಗಾದಳು. “ಅಲ್ಲ ಪುಷ್ಪಾ, ಓದೋದು ಸರಿ. ಒಳಗಿಂದ ಚಿಲಕ ಹಾಕ್ಕಂಡು ಮಾಡೋದೇನು?”

“ಓದ್ತೀನಿ. ಓದಿ ಸಾಕಾದ್ರೆ ಸುಮ್ನೆ ಕೂತ್ಕೋತೀನಿ.”

“ಸುಮ್ನೆ ಕೂತ್ಕಳಾಕೆ ಚಿಲಕ ಯಾಕಮ್ಮ?”

ಅದಕ್ಕೆ ಉತ್ತರ ಕೊಟ್ಟವರು ಅಮ್ಮ. ಕೆಟಲ್‌ನ ಮುಚ್ಚಳ ತೆಗೆದು ಒಳಗೆ ನೋಡುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು.

“ಈ ಮನೆಗೆ ಬಂದಾಗ ನಂಗೆ ಹದಿನಾರು. ನಮ್ಮತ್ತೆ, ಮೂರು ಜನ ನಾದ್ನೀರು, ತುಂಬಿದ ಮನೆ. ಅಳಾಕೂ ಜಾಗ ಇರ್ಲಿಲ್ಲ ಕಣಮ್ಮ. ರಾಗಿ ತತ್ತೀನಿ ಅಂತ ಮೊರ ಹಿಡ್ಕಂಡು ಉಗ್ರಾಣಕ್ಕೆ ಹೋಗ್ತಿದ್ದೆ. ಒಳ್ಗಡೆ ಚಿಲಕ ಇಲ್ವಲ್ಲ, ಕದಕ್ಕೆ ಬೆನ್ನು ಕೊಟ್ಟು ಕುಂತ್ಕತಿದ್ದೆ. ಯಾರಾರ ತಳ್ಳುದ್ರೆ ಎದ್ದು ರಾಗಿ ತುಂಬ್ಕತಿದ್ದೆ.”

ಅಕ್ಕನ ಬಾಯಿ ತೆರೆದೇ ಇತ್ತು. “ನೀನ್ಯಾಕಮ್ಮ ಅಳ್ತಿದ್ದೆ?”

“ಎಲ್ಲಾನೂ ನಿಂಗೆ ಹೇಳ್ಬೇಕಾ?” ಅಂದರು ಅಮ್ಮ. ಮುಚ್ಚಳ ಮುಚ್ಚಿ ಕೆಟಲ್ಲನ್ನು ಪುಷ್ಪಾವತಿಯ ಕಡೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ಏನ್ಲಾ ಮಿಕಿಮಿಕಿ ನೋಡ್ತಾ ಕುಂತಿದ್ದೀಯಾ? ಕಬ್ಬಿಣದಂಗ್ಡಿ ಬಾಗ್ಲು ಹಾಕದ್ರೊಳ್ಗೆ ಹೋಗಿ ಚಿಲಕ ತಗಂಬಾ ಹೋಗು.”

ಚಿಲಕ ತಂದೆ. ಬಡಗಿಗೆ ಕಾಯದೆ ನಾನೇ ಸ್ಕ್ರೂ ಹೊಡೆದೆ, ಸ್ವಲ್ಪ ಸೊಟ್ಟಗೆ ಕೂತಿತು. ಜೋರಾಗಿ ಎಳೆದರೆ ಮಾತ್ರ ಬೀಳುತ್ತದೆ. ಪುಷ್ಪಾವತಿ ಒಳಗೆ ಹೋಗಿ ಎಳೆದಳು. ಟಕ್ ಅಂತು. ಬಾಗಿಲಿನ ಈಚೆ ನಾವೆಲ್ಲ ನಿಂತಿದ್ದೆವು. ಒಳಗೆ ಕುರ್ಚಿಯ ಬೆನ್ನು ಹಿಂದಕ್ಕೆ ಒರಗಿದ ಸದ್ದು ಕೇಳಿಸಿತು. ಆಮೇಲೆ ಅವಳು ಓದಲು ಶುರುಮಾಡಿದಳು. ಅಮ್ಮ ಬೆರಳು ಬಾಯಿಗಿಟ್ಟು ನಮ್ಮನ್ನೆಲ್ಲ ಪಡಸಾಲೆಗೆ ಅಟ್ಟಿದರು. ಆ ಮಧ್ಯಾಹ್ನ ಸೀಟಿ ಕೇಳಿಸೀತೆಂದು ಅಡುಗೆಮನೆಯಲ್ಲಿ ಕುಕ್ಕರ್ ಇಡಲಿಲ್ಲ. ಬೆಳಿಗ್ಗೆ ಉಳಿದಿದ್ದ ಉಪ್ಪಿಟ್ಟನ್ನೇ ಎಲ್ಲರೂ ಸದ್ದಿಲ್ಲದೆ ತಿಂದೆವು. ಅಕ್ಕ ಆಸ್ತಿಯ ಮಾತು ಮತ್ತೆ ಎತ್ತದೆ ಸಂಜೆಯ ಬಸ್ಸು ಹತ್ತಿದಳು.

ಪಾಠ ಒಪ್ಪಿಗೆಯಾಯಿತು. ಪುಸ್ತಕ ಪೂರ್ತಿ ಅವಳಿಗೇ ಸಿಕ್ಕಿತು. ಕುಕ್ಕರ್ ಮಾತ್ರ ಅಂಗಡಿಗೆ ವಾಪಸ್ ಬಂದಿಲ್ಲ. ಡಬ್ಬದಲ್ಲೇ, ಬಸವೇಶನ ಮಂಚದ ಕೆಳಗಿದೆ. ನಾನು ಕೇಳಿಲ್ಲ, ಅವನು ಹೇಳಿಲ್ಲ. ಇಬ್ಬರೂ ಒಂದೇ ಒಲೆಯದ್ದನ್ನೇ ಉಣ್ಣುತ್ತಿದ್ದೇವೆ, ಸದ್ಯಕ್ಕೆ.

ಮೊನ್ನೆ ಊಟಕ್ಕೆ ಬಂದಾಗ ಪುಷ್ಪಾವತಿ ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕೋಣೆಯ ಬಾಗಿಲು ಹಾಕಿತ್ತು.

“ಮತ್ತೆ ಒಳಗೆ ಯಾರು?”

“ಅತ್ತೆ,” ಅಂದಳು. “ಸ್ವಲ್ಪ ಹೊತ್ತು ಕೂತಿರ್ತೀನಿ ಅಂದ್ರು.”

ಮೈ ಹುಷಾರಿಲ್ಲವೋ ಏನೋ ಅಂತ ಹೆದರಿ ಬಾಗಿಲು ತಟ್ಟಿದೆ. ಈ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು, ಅಮ್ಮ ಒಳಗಿರುವಾಗ ಬಾಗಿಲು ತಟ್ಟಿದ್ದು ಅದೇ ಮೊದಲು.

“ಯಾರ್ಲಾ?”

“ನಾನಮ್ಮ, ಪ್ರಸನ್ನ.”

“ಏನ್ ಬೇಕಾಗಿತ್ತು?”

ನನಗೆ ಏನು ಬೇಕಾಗಿತ್ತು? ಯೋಚಿಸಿದೆ.

“ಏನಿಲ್ಲಮ್ಮ.”

“ಅಂಗಾರೆ ಆಮ್ಯಾಕೆ ಬಾ,” ಅಂದರು ಅಮ್ಮ.